ಎಡಗಡೆ ಪೆಡಲ್

ಆಫೀಸಿನಲ್ಲಿ ಲಂಚ್ ಟೈಮಲ್ಲಿ ಒಂದೇ ಒಂದು ಸಲ ಫೋನಿನಲ್ಲಿ 'ಸೈಕಲ್' ಅಂತ ಹುಡುಕಿದ್ದೆ, ಅಷ್ಟೆ. ಮುಂದಿನ ಎರಡು ವಾರ ಕ್ರಿಕೆಟ್ ಸ್ಕೋರ್ ನೋಡೋಕೆ ಹೋದ್ರೂ, ಮಳೆ ಬರುತ್ತಾ ಅಂತ ನೋಡೋಕೆ ಹೋದ್ರೂ ಪಕ್ಕದಲ್ಲಿ ಅದೇ ಕೆಂಪು ಸೈಕಲ್ ಬಂದು ನಿಲ್ಲೋದು. ದಿನಕ್ಕೊಂದು ರೇಟು. ಒಂದು ಶುಕ್ರವಾರ ರಾತ್ರಿ ಶೇಕಡಾ 30 ರಿಯಾಯಿತಿ, ಇನ್ನು ಎರಡೇ ಗಂಟೆ ಬಾಕಿ ಅಂತ ಬಂತು. ಒತ್ತಿಬಿಟ್ಟೆ.

ಮೂರನೇ ದಿನ ಉದ್ದನೆಯ ರಟ್ಟಿನ ಡಬ್ಬ ಮನೆಗೆ ಬಂತು. ಸೈಕಲ್ 85 ಪರ್ಸೆಂಟ್ ಜೋಡಿಸಿಯೇ ಕಳಿಸಿದ್ದೇವೆ, ಮಿಕ್ಕಿದ್ದು ನೀವೇ ಮಾಡ್ಕೊಳ್ಳಿ, ಅರ್ಧ ಗಂಟೆ ಕೆಲಸ ಅಂತ ಒಳಗೊಂದು ಚೀಟಿ. ಮುಂದಿನ ಚಕ್ರ ಹಾಕಿದೆ, ಹ್ಯಾಂಡಲ್ ಸಿಕ್ಕಿಸಿದೆ, ಸೀಟು ಏರಿಸಿದೆ, ಬಲಗಡೆ ಪೆಡಲ್ ತಿರುಗಿಸಿದೆ. ಎಲ್ಲ ಸಲೀಸು. ಎಡಗಡೆ ಪೆಡಲ್ ಮಾತ್ರ ಒಳಗೇ ಹೋಗ್ತಿಲ್ಲ. ನಲ್ಲಿಯಿಂದ ಹಿಡಿದು ಉಪ್ಪಿನಕಾಯಿ ಬಾಟಲಿನ ಮುಚ್ಚಳದವರೆಗೆ ಎಲ್ಲವೂ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತೆ ಅಂತ ಕಲಿತು ಬೆಳೆದ ಕೈ ನಂದು. ಸ್ಪ್ಯಾನರ್ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ. ಒಂದೂವರೆ ಸುತ್ತು ಹೋಯ್ತು. ಆಮೇಲೆ 'ಕರ್' ಅಂತ ಒಂದು ಶಬ್ದ. ತೂತಿನಿಂದ ಅಲ್ಯೂಮಿನಿಯಂನ ಸಣ್ಣ ಸಣ್ಣ ಸುರುಳಿಗಳು ಉದುರಿದವು.

ನಮ್ಮ ಏರಿಯಾದಲ್ಲಿ ಬಸ್ ಸ್ಟಾಪಿನ ಹಿಂದೆ ಒಂದು ಹಳೇ ಸೈಕಲ್ ಶಾಪಿದೆ. ಸೈಕಲ್ ತಳ್ಳಿಕೊಂಡು ಅಲ್ಲಿಗೇ ಹೋದೆ. ಹೋಗೋದಕ್ಕೆ ಕಾಲು ಬರ್ತಿರಲಿಲ್ಲ, ಯಾಕೆ ಅಂತ ಹೇಳಿಬಿಡ್ತೀನಿ. ಎರಡು ವಾರದ ಹಿಂದೆ ಅದೇ ಶಾಪಿಗೆ ಹೋಗಿ ಮೂರು ಸೈಕಲ್ ಹತ್ತಿ ಇಳಿದಿದ್ದೆ. ಅಂಗಡಿಯ ಅಂಕಲ್ ನನ್ನ ಎತ್ತರ ನೋಡಿ, ಕಾಲು ನೆಲಕ್ಕೆ ಎಟುಕುತ್ತಾ ಅಂತ ಪರೀಕ್ಷೆ ಮಾಡಿ, 'ನಿಮಗೆ ಹದಿನೆಂಟಿಂಚು ಫ್ರೇಮು ಸಾರ್, ಇಪ್ಪತ್ತು ತಗೊಂಡ್ರೆ ಬೆನ್ನು ನೋವು ಬರತ್ತೆ' ಅಂತ ಹೇಳಿದ್ರು. ಒಂದು ಟೀ ಕೂಡ ತರಿಸಿಕೊಟ್ಟಿದ್ರು. 'ಮನೇಲಿ ಕೇಳಿ ಹೇಳ್ತೀನಿ ಅಂಕಲ್' ಅಂತ ಬಂದಿದ್ದೆ. ಬಂದು ಮನೇಲಿ ಯಾರನ್ನೂ ಕೇಳಲಿಲ್ಲ, ಫೋನನ್ನ ಕೇಳಿದೆ.

ಅವರು ಸೈಕಲ್ ನೋಡಿದ್ರು, ನನ್ನ ನೋಡಿದ್ರು. ಕೇಳಿದ್ದು ಒಂದೇ ಮಾತು: 'ಹದಿನೆಂಟಿಂಚೇ ತಗೊಂಡ್ರಾ ಸಾರ್?'

ಬೈದಿದ್ರೆ ಚೆನ್ನಾಗಿರ್ತಿತ್ತು. ಆಮೇಲೆ ಪೆಡಲ್ ತೂತಿಗೆ ಟಾರ್ಚ್ ಬಿಟ್ಟು ನೋಡಿ, 'ಎಡಗಡೆ ಉಲ್ಟಾ ಥ್ರೆಡ್ಡು ಸಾರ್, ಗೊತ್ತಿರ್ಲಿಲ್ವಾ?' ಅಂದ್ರು. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಟ್ಯಾಪ್ ತೆಗೆದು, ಎಡಕ್ಕೆ ತಿರುಗಿಸ್ತಾ, ಅರ್ಧ ಸುತ್ತಿಗೊಮ್ಮೆ ಹಿಂದಕ್ಕೆ ತಂದು, ಕೆಟ್ಟ ಥ್ರೆಡ್ಡನ್ನ ನಿಧಾನಕ್ಕೆ ಸರಿಮಾಡಿದ್ರು. ಕೇಳದೆಯೇ ಮುಂದಿನ ಚಕ್ರದ ಔಟ್ ತೆಗೆದ್ರು, ಬ್ರೇಕ್ ಹೊಂದಿಸಿದ್ರು, ನಾನು ಹಿಂದು ಮುಂದಾಗಿ ಹಾಕಿದ್ದ ಮುಂದಿನ ಫೋರ್ಕನ್ನ ಏನೂ ಹೇಳದೆ ತಿರುಗಿಸಿಟ್ರು. ಮುನ್ನೂರೈವತ್ತು ರೂಪಾಯಿ. ಕೊಟ್ಟು ಬಂದೆ. ಉಳಿಸಿದ್ದ ಶೇಕಡಾ 30ರ ಖುಷಿ ಅಲ್ಲಿಗೆ ಮುಗೀತು.

ಆ ರಾತ್ರಿ ನಿದ್ದೆ ಬರದೆ, ಈ ಎಡಗಡೆ ಪೆಡಲ್ ಯಾಕೆ ಉಲ್ಟಾ ಅಂತ ಓದ್ತಾ ಕೂತೆ. ಪೆನ್ಸಿಲ್ಲೊಂದನ್ನ ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ಅದರ ತುದಿಯನ್ನ ವೃತ್ತಾಕಾರವಾಗಿ ಆಡಿಸಿ ನೋಡಿ. ತುದಿ ಒಂದು ಕಡೆ ಸುತ್ತಿದರೆ ಪೆನ್ಸಿಲ್ ಮಾತ್ರ ಮುಷ್ಟಿಯೊಳಗೆ ಅದರ ವಿರುದ್ಧ ದಿಕ್ಕಿಗೆ ಮೆಲ್ಲಗೆ ಉರುಳುತ್ತೆ. ಕಾಲು ತುಳಿದಾಗ ಪೆಡಲಿನ ಕಡ್ಡಿಗೂ ಕ್ರ್ಯಾಂಕಿನ ತೂತಿನೊಳಗೆ ಹೀಗೇ ಆಗೋದು. ಎಡಗಡೆಗೂ ಮಾಮೂಲಿ ಥ್ರೆಡ್ ಹಾಕಿದರೆ ತುಳಿದಷ್ಟೂ ಪೆಡಲ್ ಬಿಚ್ಚಿಕೊಳ್ತಾ ಹೋಗುತ್ತೆ. ಅದಕ್ಕೇ ಉಲ್ಟಾ. ಈ ಉಲ್ಟಾ ಥ್ರೆಡ್ಡನ್ನ ತಮ್ಮ ಸೈಕಲ್ಲುಗಳಿಗೆ ಹಾಕಿ, ನಮ್ಮ ಪೆಡಲ್ ಬಿಚ್ಚಿಕೊಳ್ಳಲ್ಲ ಅಂತ 1900ರ ಹೊತ್ತಿಗೆ ಹೇಳಿಕೊಂಡವರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಒಂದು ಸಣ್ಣ ಸೈಕಲ್ ಶಾಪಿನ ಅಣ್ಣತಮ್ಮಂದಿರೂ ಇದ್ದರು. ಹೆಸರು ವಿಲ್ಬರ್ ರೈಟ್, ಆರ್ವಿಲ್ ರೈಟ್.

ಹೌದು, ವಿಮಾನದ ರೈಟ್ ಸಹೋದರರೇ. ಅವರಿಗೆ ಸೈಕಲ್ ಅಂಗಡಿ ಇತ್ತು ಅಂತ ಸ್ಕೂಲಿನಲ್ಲಿ ನಾವೆಲ್ಲ ಓದಿದ್ದೀವಿ, ಒಂದೇ ಸಾಲಿನಲ್ಲಿ. ಆ ಒಂದು ಸಾಲಿನ ಹಿಂದೆ, ಇವತ್ತು ನನ್ನ ಫೋನಿನ ಕೆಂಪು ಸೈಕಲ್ಲಿಗೂ ಬಸ್ ಸ್ಟಾಪಿನ ಹಿಂದಿನ ಶಾಪಿಗೂ ನಡೀತಿರೋ ಜಗಳವೇ ಇದೆ ಅಂತ ಗೊತ್ತಾಗಿದ್ದು ಆವತ್ತು.

ಕಥೆ ಶುರುವಾಗೋದು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. 1889ರಲ್ಲಿ ಆರ್ವಿಲ್ ಡೇಟನ್ ಊರಿನ ಪಶ್ಚಿಮ ಭಾಗದ ಜನರಿಗಾಗಿ 'ವೆಸ್ಟ್ ಸೈಡ್ ನ್ಯೂಸ್' ಅನ್ನೋ ವಾರಪತ್ರಿಕೆ ತಂದ. ನಮ್ಮಲ್ಲಿ ಬಡಾವಣೆಗಳಲ್ಲಿ ಹಂಚ್ತಾರಲ್ಲ, ಅಂಥದ್ದು. 1892ರಲ್ಲಿ ಅಣ್ಣತಮ್ಮ ಇಬ್ಬರೂ ಸೈಕಲ್ ಕೊಂಡರು. ಆರ್ವಿಲ್ ಕೊಂಡ ಹೊಸ ಕೊಲಂಬಿಯಾ ಸೈಕಲ್ಲಿನ ಬೆಲೆ 160 ಡಾಲರ್. ವಿಲ್ಬರ್ ಸ್ವಲ್ಪ ಲೆಕ್ಕಾಚಾರದ ಮನುಷ್ಯ, ಹರಾಜಿನಲ್ಲಿ 80 ಡಾಲರಿಗೆ ಸೆಕೆಂಡ್ ಹ್ಯಾಂಡ್ ತಗೊಂಡ. ಕೈಯಲ್ಲಿ ಕಸುಬಿದೆ ಅಂತ ಗೊತ್ತಿದ್ದ ಗೆಳೆಯರೆಲ್ಲ ರಿಪೇರಿಗೆ ಸೈಕಲ್ ತಂದು ನಿಲ್ಲಿಸೋಕೆ ಶುರುಮಾಡಿದರು. ಆ ವರ್ಷದ ಕೊನೆಗೆ ಅಂಗಡಿಯೇ ತೆರೆದರು. ಮೊದಲು ರಿಪೇರಿ ಮತ್ತು ಬೇರೆ ಕಂಪನಿಗಳ ಸೈಕಲ್ ಮಾರಾಟ, 1896ರಿಂದ ತಮ್ಮದೇ 'ವ್ಯಾನ್ ಕ್ಲೀವ್' ಸೈಕಲ್. 1894ರಿಂದ 1896ರವರೆಗೆ 'ಸ್ನ್ಯಾಪ್-ಶಾಟ್ಸ್' ಅನ್ನೋ ಇನ್ನೊಂದು ಪುಟ್ಟ ವಾರಪತ್ರಿಕೆಯನ್ನೂ ಅಚ್ಚು ಹಾಕಿದರು. ಊರಿನ ಸುದ್ದಿ, ಒಂದಿಷ್ಟು ತಮಾಷೆ, ಅದರ ಜೊತೆಗೆ ತಮ್ಮ ಅಂಗಡಿಯ ಜಾಹೀರಾತು. ತಮ್ಮದೇ ಸೈಕಲ್ ಬರ್ತಿದೆ ಅಂತ ಮೊದಲು ಹೇಳಿಕೊಂಡದ್ದೂ ಅದರಲ್ಲೇ.

ಆಗ ಇಡೀ ಅಮೆರಿಕಕ್ಕೇ ಸೈಕಲ್ ಹುಚ್ಚು ಹಿಡಿದಿತ್ತು. ಹಿಡಿಸಿದ್ದರಲ್ಲಿ ಆಲ್ಬರ್ಟ್ ಪೋಪ್ ಅನ್ನೋ ಬಾಸ್ಟನ್ನಿನ ವ್ಯಾಪಾರಿಯ ಕೈ ದೊಡ್ಡದು. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಈತ ಇಂಗ್ಲೆಂಡಿನ ದೊಡ್ಡ ಚಕ್ರದ ಸೈಕಲ್ ನೋಡಿದ. 1878ರಲ್ಲಿ ಹಾರ್ಟ್‌ಫರ್ಡ್‌ನ ಹೊಲಿಗೆ ಮೆಷಿನ್ ಕಾರ್ಖಾನೆಯೊಂದಕ್ಕೆ ಆರ್ಡರ್ ಕೊಟ್ಟು ಕೊಲಂಬಿಯಾ ಸೈಕಲ್ ಮಾಡಿಸೋಕೆ ಶುರುಮಾಡಿದ. ಸೈಕಲ್ ಮಾರಬೇಕಾದರೆ ಮೊದಲು ಸೈಕಲ್ ತುಳಿಯೋ ಬಳಗ ಬೇಕು ಅನ್ನೋದು ಆ ಕಾಲಕ್ಕೇ ಪೋಪ್‌ಗೆ ಗೊತ್ತಿತ್ತು. 1880ರಲ್ಲಿ ಸವಾರರ ಸಂಘ 'ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್' ಹುಟ್ಟಿತು. ಅದರ ಮೊದಲ ಅಧ್ಯಕ್ಷ ಪೋಪ್‌ನ ವಕೀಲನೇ. 1882ರಲ್ಲಿ 'ದಿ ವೀಲ್‌ಮನ್' ಅನ್ನೋ ಅಂದವಾದ ಮಾಸಪತ್ರಿಕೆ ಬಂತು. ದುಡ್ಡು ಪೋಪ್‌ದು, ಸಂಪಾದಕ ಮುಂದೆ ದೊಡ್ಡ ಹೆಸರು ಮಾಡಿದ ಸ್ಯಾಮ್ಯುಯೆಲ್ ಮೆಕ್ಲೂರ್.

ಇದರಲ್ಲಿ ಮೋಸ ಏನೂ ಇರಲಿಲ್ಲ. ಓದುಗರಿಗೆ ಒಳ್ಳೆಯ ಪ್ರವಾಸದ ಬರಹಗಳು ಸಿಕ್ಕವು. ಲೀಗಿನವರು ಒಳ್ಳೆ ರಸ್ತೆ ಬೇಕು ಅಂತ ವರ್ಷಗಟ್ಟಲೆ ಹೋರಾಡಿದರು, ಅದಕ್ಕಂತಲೇ 1892ರಿಂದ 'ಗುಡ್ ರೋಡ್ಸ್' ಅನ್ನೋ ಪತ್ರಿಕೆಯನ್ನೇ ತಂದರು. ಮೋಟಾರು ಕಾರು ಬರೋದಕ್ಕೆ ಮುಂಚೆಯೇ ಡಾಂಬರು ರಸ್ತೆಯ ಮಾತಾಡಿದವರು ಈ ಸೈಕಲ್ಲಿನವರು. ಸವಾರರಿಗೆ ಒಂದು ಜಾಗ ಸಿಕ್ಕಿತು, ಅದರ ಖರ್ಚಿನ ದೊಡ್ಡ ಪಾಲು ಸೈಕಲ್ ಮಾರೋರ ಜಾಹೀರಾತಿನಿಂದ ಬರ್ತಿತ್ತು. ಇಂಥ ಏರ್ಪಾಡಿನಲ್ಲಿ ಕಣ್ಣಿಗೆ ಬೀಳದ ಒಂದು ವಿಷಯ ಇರುತ್ತೆ. ಹೆಚ್ಚು ದುಡ್ಡು ಕೊಡಬಲ್ಲವನ ದನಿ ಪುಟದ ತುಂಬ ಇರುತ್ತೆ. ರಿಪೇರಿ ಮಾಡಿ ಹೊಟ್ಟೆ ಹೊರೆಯೋನ ದನಿಗೆ ಒಂದು ಇಂಚು ಜಾಗವೂ ಇರಲ್ಲ, ಯಾಕಂದ್ರೆ ಒಂದು ಇಂಚಿನ ಬೆಲೆಯೂ ಅವನ ಕೈಗೆ ಎಟುಕಲ್ಲ.

ಆಮೇಲೆ ಬೆಲೆ ಇಳಿಯೋಕೆ ಶುರುವಾಯ್ತು. 125 ಡಾಲರ್ ಇದ್ದ ಕೊಲಂಬಿಯಾ 1895ರಲ್ಲಿ 100ಕ್ಕೆ ಬಂತು. ಎಲ್ಲರೂ ಸೈಕಲ್ ಮಾಡೋರೇ ಆದರು. 1890ರ ದಶಕದ ಕೊನೆಗೆ ಅಮೆರಿಕದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ತಯಾರಾಗ್ತಿದ್ದವು, ಕೊಳ್ಳೋರು ಅಷ್ಟಿರಲಿಲ್ಲ. ಅದೇ ಹೊತ್ತಿಗೆ ಸಿಯರ್ಸ್ ಕಂಪನಿಯ ದಪ್ಪ ಕ್ಯಾಟಲಾಗು ಹಳ್ಳಿಹಳ್ಳಿಗೆ ಹೋಗ್ತಿತ್ತು. 1896ರಲ್ಲಿ ಹಳ್ಳಿಗಳ ಮನೆಬಾಗಿಲಿಗೇ ಅಂಚೆ ತಲುಪಿಸೋ ಏರ್ಪಾಡು ಶುರುವಾಗಿತ್ತು. ಆ ಕ್ಯಾಟಲಾಗಿನಲ್ಲಿ 20 ಡಾಲರಿಗಿಂತ ಕಡಿಮೆಗೆ ಸೈಕಲ್ ಸಿಗ್ತಿತ್ತು. ಆರ್ವಿಲ್ 160 ಕೊಟ್ಟಿದ್ದು ಕೇವಲ ಆರೇಳು ವರ್ಷದ ಹಿಂದೆ ಅನ್ನೋದು ನೆನಪಿರಲಿ.

ಇವರಿಗಿಂತ ನನಗೆ ಇಷ್ಟವಾದದ್ದು ಚಿಕಾಗೋದ ಮೀಡ್ ಸೈಕಲ್ ಕಂಪನಿ. ಇವರದ್ದು ಪೂರ್ತಿ ಅಂಚೆ ವ್ಯಾಪಾರ. ಪತ್ರಿಕೆಗಳಲ್ಲಿ ಇವರ ಜಾಹೀರಾತು ತಪ್ಪದೆ ಬರೋದು. ಪ್ರತಿ ಊರಿನಲ್ಲೂ ನಮಗೊಬ್ಬ 'ರೈಡರ್ ಏಜೆಂಟ್' ಬೇಕು, ನಮ್ಮ ಸೈಕಲ್ ತರಿಸಿಕೊಂಡು ಊರೆಲ್ಲ ಓಡಿಸಿ ತೋರಿಸಿ, ಆರ್ಡರ್ ಹಿಡಿದುಕೊಟ್ಟರೆ ಕಮಿಷನ್ ಕೊಡ್ತೀವಿ ಅಂತ. ಸೈಕಲ್ ಕಳಿಸ್ತೀವಿ, ಕೆಲವು ದಿನ ಓಡಿಸಿ ನೋಡಿ, ಬೇಡವಾದ್ರೆ ವಾಪಸ್ ಕಳಿಸಿ ಅಂತಲೂ ಇರ್ತಿತ್ತು. ಇವತ್ತು ಇನ್‌ಫ್ಲುಯೆನ್ಸರ್, ಈಸಿ ರಿಟರ್ನ್ ಅಂತ ಏನು ಕರೀತೀವೋ, ಎರಡೂ ನೂರು ವರ್ಷ ಹಳೇ ಸರಕು.

ಊರ ಅಂಗಡಿಯವರು ಸುಮ್ಮನಿರಲಿಲ್ಲ. 'ನಮ್ಮೂರಲ್ಲೇ ಕೊಳ್ಳಿ' ಅಂತ ಚಳವಳಿ ಮಾಡಿದರು. ಕೆಲವು ಊರುಗಳಲ್ಲಿ ಮಕ್ಕಳಿಗೆ ಚಿಲ್ಲರೆ ಕಾಸು ಕೊಟ್ಟು ಮನೆಮನೆಯಿಂದ ಕ್ಯಾಟಲಾಗು ತರಿಸಿ ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ಇತ್ತ ಸಿಯರ್ಸ್‌ನವರು ಪಾರ್ಸಲ್ ಮೇಲೆ ತಮ್ಮ ಹೆಸರೇ ಹಾಕದೆ ಕಳಿಸೋಕೆ ತಯಾರಾದರು. ಊರವರ ಮುಂದೆ, ಊರ ಅಂಗಡಿಯವನ ಮುಂದೆ ಗಿರಾಕಿಗೆ ಮುಜುಗರ ಆಗಬಾರದು ಅಂತ! ಇದನ್ನ ಓದಿದಾಗ ನನ್ನ ರಟ್ಟಿನ ಡಬ್ಬ ನೆನಪಾಯ್ತು. ಮುಜುಗರ ನನ್ನೊಬ್ಬನದೇ ಅಲ್ಲ, ಅದಕ್ಕೂ ಇತಿಹಾಸ ಇದೆ ಅಂತ ಒಂಥರಾ ಸಮಾಧಾನ.

ಸುಟ್ಟಿದ್ದರಿಂದ ಏನೂ ಉಪಯೋಗ ಆಗಲಿಲ್ಲ. ಬೆಲೆ ಇಳಿಯೋದನ್ನ ತಡೆಯೋಕೆ ದೊಡ್ಡವರೆಲ್ಲ ಒಂದಾಗೋಣ ಅಂತ 1899ರಲ್ಲಿ ನಲವತ್ತಕ್ಕೂ ಹೆಚ್ಚು ಕಂಪನಿಗಳು ಸೇರಿ 'ಅಮೆರಿಕನ್ ಬೈಸಿಕಲ್ ಕಂಪನಿ' ಕಟ್ಟಿದವು, ಪೋಪ್‌ನ ಕಂಪನಿಯೂ ಅದರಲ್ಲಿತ್ತು. ಮೂರು ವರ್ಷಕ್ಕೆ ಅದು ದಿವಾಳಿ. 1904ರ ಹೊತ್ತಿಗೆ ದೇಶದ ಸೈಕಲ್ ಉತ್ಪಾದನೆ ಸುಮಾರು ಕಾಲು ಭಾಗಕ್ಕೆ ಇಳಿದಿತ್ತು. 1898ರಲ್ಲಿ ಒಂದು ಲಕ್ಷ ದಾಟಿದ್ದ ಲೀಗಿನ ಸದಸ್ಯರ ಸಂಖ್ಯೆಯೂ ಕೆಲವೇ ವರ್ಷಗಳಲ್ಲಿ ಕೆಲವೇ ಸಾವಿರಕ್ಕೆ ಕುಸಿಯಿತು. ಹುಚ್ಚು ಇಳಿದ ಮೇಲೆ ಜಾಹೀರಾತು ಇಳೀತು, ಜಾಹೀರಾತಿನ ಜೊತೆ ಬಳಗವೂ ಕರಗಿತು.

ಇಷ್ಟೆಲ್ಲ ಆಗ್ತಿದ್ದಾಗ ಡೇಟನ್ನಿನ ಆ ಅಂಗಡಿ ಏನು ಮಾಡ್ತಿತ್ತು? ಕ್ಯಾಟಲಾಗಿನ ಜೊತೆ ಬೆಲೆಯಲ್ಲಿ ಸೆಣಸೋ ತಾಕತ್ತು ಅದಕ್ಕಿರಲಿಲ್ಲ. ಹೇಳಿ ಮಾಡಿಸಿಕೊಳ್ಳೋರಿಗೆ ಒಂದೊಂದೇ ಸೈಕಲ್ ಕೈಯಲ್ಲಿ ಕಟ್ಟಿಕೊಟ್ಟರು, ಎಲ್ಲ ಸೇರಿ ಕೆಲವು ನೂರು ಇರಬಹುದು. ಎಣ್ಣೆ ತಾನೇ ಹಿಡಿದಿಟ್ಟುಕೊಳ್ಳೋ ಚಕ್ರದ ಹಬ್, ಬಿಚ್ಚಿಕೊಳ್ಳದ ಪೆಡಲ್ ಅಂತ ಸಣ್ಣ ಸಣ್ಣ ಸುಧಾರಣೆ ಮಾಡಿದರು. ಉಳಿದಂತೆ ರಿಪೇರಿ, ಬಾಡಿಗೆ, ಬಿಡಿಭಾಗ. ಅಂಗಡಿಯ ಲೇತಿಗೆ, ಡ್ರಿಲ್ಲಿಗೆ ಶಕ್ತಿ ಕೊಡೋಕೆ ತಾವೇ ಒಂದು ಗ್ಯಾಸ್ ಎಂಜಿನ್ ಮಾಡಿಕೊಂಡಿದ್ದರು. ಚಳಿಗಾಲದಲ್ಲಿ ವ್ಯಾಪಾರ ಕಡಿಮೆ. ಆ ಬಿಡುವಿನಲ್ಲಿ ತಲೆಗೆ ಹತ್ತಿದ್ದು ಹಾರೋ ಯಂತ್ರ.

1901ರ ಜೂನ್‌ನಲ್ಲಿ ಚಾರ್ಲಿ ಟೇಲರ್ ಅನ್ನೋ ಮೆಕ್ಯಾನಿಕ್ಕನ್ನ ವಾರಕ್ಕೆ 18 ಡಾಲರಿಗೆ ಕೆಲಸಕ್ಕೆ ಇಟ್ಟುಕೊಂಡರು. ತಾವು ಗ್ಲೈಡರ್ ಹಾರಿಸೋಕೆ ಕಿಟಿ ಹಾಕ್‌ಗೆ ಹೋದಾಗ ಅಂಗಡಿ ನೋಡಿಕೊಳ್ಳೋಕೆ ಒಬ್ಬ ಬೇಕಿತ್ತು. ಗ್ಲೈಡರ್ ಲೆಕ್ಕದಂತೆ ಹಾರಲಿಲ್ಲ. ಬೇರೆಯವರು ಕೊಟ್ಟಿದ್ದ ಅಂಕಿಅಂಶದ ಮೇಲೇ ಅನುಮಾನ ಬಂದು, ಪರೀಕ್ಷೆ ಮಾಡೋಕೆ ಅವರು ತೆಗೆದುಕೊಂಡದ್ದು ತಮ್ಮದೇ ಸೈಕಲ್. ಹ್ಯಾಂಡಲ್ ಮುಂದೆ ಇನ್ನೊಂದು ಚಕ್ರವನ್ನ ಅಡ್ಡಡ್ಡ ಕಟ್ಟಿ, ಅದರ ಮೇಲೆ ಒಂದು ಚಪ್ಪಟೆ ತಗಡು, ಒಂದು ಬಾಗಿದ ತಗಡು ನಿಲ್ಲಿಸಿ, ಗಾಳಿ ಯಾವುದನ್ನ ಎಷ್ಟು ತಳ್ಳುತ್ತೆ ಅಂತ ಡೇಟನ್ನಿನ ಬೀದಿಯಲ್ಲಿ ಜೋರಾಗಿ ತುಳಿದುಕೊಂಡು ಹೋಗಿ ನೋಡಿದರು. ಆಮೇಲೆ ಅಂಗಡಿಯ ಮಹಡಿಯ ಮೇಲೆ ಆರು ಅಡಿ ಉದ್ದದ ಮರದ ಪೆಟ್ಟಿಗೆಯಲ್ಲಿ ಗಾಳಿಸುರಂಗ ಮಾಡಿದರು. ರೆಕ್ಕೆಯ ಸುಮಾರು ಇನ್ನೂರು ನಮೂನೆಗಳನ್ನ ಅದರಲ್ಲಿಟ್ಟು ನೋಡಿದರು. ಅಳೆಯೋ ತಕ್ಕಡಿಗೆ ಬಳಸಿದ್ದು ಹಳೇ ಹ್ಯಾಕ್ಸಾ ಬ್ಲೇಡು, ಸೈಕಲ್ಲಿನ ಸ್ಪೋಕ್ಸ್ ಕಡ್ಡಿ.

ಎಂಜಿನ್ ಯಾರೂ ಮಾಡಿಕೊಡಲಿಲ್ಲ. ಚಾರ್ಲಿ ಟೇಲರ್ ಅಂಗಡಿಯ ಹಿಂಭಾಗದಲ್ಲಿ ಲೇತು, ಡ್ರಿಲ್ಲು ಇಟ್ಟುಕೊಂಡು ಆರು ವಾರದಲ್ಲಿ ಮಾಡಿದ, 12 ಅಶ್ವಶಕ್ತಿಯದ್ದು. ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಶಕ್ತಿ ಹೋಗಿದ್ದು ಸೈಕಲ್ಲಿನ ಹಾಗೇ ಚೈನು, ಪಲ್ಲುಚಕ್ರದ ಮೂಲಕ. 1903ರ ಡಿಸೆಂಬರ್ 17ರಂದು ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅದೇ ದಿನ ನಾಲ್ಕನೆಯದು 59 ಸೆಕೆಂಡು, 852 ಅಡಿ. ಒಂಬತ್ತು ದಿನ ಮೊದಲು ಸರ್ಕಾರದಿಂದ 50,000 ಡಾಲರ್ ಪಡೆದಿದ್ದ ಲ್ಯಾಂಗ್ಲಿಯ ವಿಮಾನ ಪೊಟೊಮ್ಯಾಕ್ ನದಿಗೆ ಬಿದ್ದಿತ್ತು. ರೈಟ್ ಸಹೋದರರಿಗೆ ಆದ ಖರ್ಚು ಸಾವಿರ ಡಾಲರಿಗಿಂತ ಕಡಿಮೆ, ಅದೂ ಸೈಕಲ್ ಅಂಗಡಿಯ ಗಳಿಕೆ.

ಪ್ರತಿ ಸೈಕಲ್ ಶಾಪಿನಲ್ಲೂ ಒಂದು ವಿಮಾನ ಅಡಗಿದೆ ಅಂತೇನೂ ನಾನು ಹೇಳ್ತಿಲ್ಲ. ನಮ್ಮ ಬಸ್ ಸ್ಟಾಪಿನ ಅಂಕಲ್‌ಗೆ ಹಾರೋ ಆಸೆ ಇದ್ದಂಗೆ ಕಾಣಲ್ಲ. ಆದರೆ 1898ರಲ್ಲಿ ಡೇಟನ್ನಿನ ಒಬ್ಬ ಗಿರಾಕಿ ಕ್ಯಾಟಲಾಗನ್ನೂ ಈ ಅಂಗಡಿಯನ್ನೂ ಪಕ್ಕಪಕ್ಕ ಇಟ್ಟು ತೂಗಿದ್ರೆ ಅವನಿಗೆ ಕಾಣ್ತಿದ್ದದ್ದು ಎರಡು ಬೆಲೆ ಮಾತ್ರ. ಲೇತು, ಚಾರ್ಲಿಯಂಥವನ ಕೈ, ಗಾಳಿಯಲ್ಲಿ ಚಕ್ರ ಹೇಗೆ ತಿರುಗುತ್ತೆ ಅನ್ನೋ ತಿಳಿವಳಿಕೆ, ಇದ್ಯಾವುದಕ್ಕೂ ಕ್ಯಾಟಲಾಗಿನಲ್ಲಿ ಒಂದು ಸಾಲಿಲ್ಲ. ಅಂಗಡಿಯ ಬೆಲೆಯೊಳಗೆ ಅದೆಲ್ಲ ಸೇರಿತ್ತು.

ಈಗ ನೂರು ವರ್ಷ ಮುಂದಕ್ಕೆ, ಬ್ರಿಟನ್ನಿಗೆ ಬನ್ನಿ. ಸೈಕಲ್ ಬಿಡಿಭಾಗಗಳನ್ನ ಜಗತ್ತಿಗೆಲ್ಲ ಅಗ್ಗವಾಗಿ ಮಾರಿದ ಎರಡು ಆನ್‌ಲೈನ್ ದೈತ್ಯರು ಅಲ್ಲಿ ಹುಟ್ಟಿದರು. ಹುಟ್ಟಿದ್ದು ಎಲ್ಲಿ ಅಂತೀರಿ? ಮೂಲೆ ಅಂಗಡಿಯಲ್ಲೇ. ಪೋರ್ಟ್ಸ್‌ಮತ್ ಊರಿನ ಒಂದು ಸೈಕಲ್ ಶಾಪಿನಿಂದ 1999ರಲ್ಲಿ 'ವಿಗಲ್' ಶುರುವಾಯ್ತು. ಉತ್ತರ ಐರ್ಲೆಂಡಿನ ಬ್ಯಾಲಿನ್ಯೂರ್ ಅನ್ನೋ ಹಳ್ಳಿಯಲ್ಲಿ 1980ರ ದಶಕದ ಮಧ್ಯದಲ್ಲಿ ಗಂಡ ಹೆಂಡತಿ ತೆರೆದ ಸಣ್ಣ ಅಂಗಡಿ ಮುಂದೆ 'ಚೈನ್ ರಿಯಾಕ್ಷನ್ ಸೈಕಲ್ಸ್' ಆಯ್ತು. ಮೊದಲು ಸೈಕಲ್ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿ ಅಂಚೆಯಲ್ಲಿ ಮಾರಾಟ, ಆಮೇಲೆ ಇಂಟರ್‌ನೆಟ್. 2010ರ ಆಸುಪಾಸಿನಲ್ಲಿ ಬೆಂಗಳೂರಿನ ನನ್ನ ಸೈಕಲ್ ಗೆಳೆಯರೂ ಅಲ್ಲಿಂದಲೇ ತರಿಸ್ತಿದ್ದರು. ಇಲ್ಲಿ ಸಿಗದ ಟೈರು, ಗೇರು, ಚೈನು. ವಿಗಲ್ ಪಾರ್ಸಲ್ಲಿನ ಜೊತೆ ಒಂದು ಪುಟ್ಟ ಜೆಲ್ಲಿ ಮಿಠಾಯಿ ಪೊಟ್ಟಣವೂ ಬರೋದು. ಆಫೀಸಿನಲ್ಲಿ ಅದನ್ನ ಹಂಚಿಕೊಂಡು ತಿಂದಿದ್ದೂ ನೆನಪಿದೆ. ಬಂದ ಗೇರನ್ನ ಕೂರಿಸೋಕೆ ಮಾತ್ರ ಇಲ್ಲಿಯ ಶಾಪಿಗೇ ಓಡಬೇಕಿತ್ತು.

2016ರಲ್ಲಿ ಎರಡೂ ಒಂದಾದವು. ಕೋವಿಡ್ ಬಂದಾಗ ಮತ್ತೆ ಜಗತ್ತಿಗೆ ಸೈಕಲ್ ಹುಚ್ಚು. ಸ್ಟಾಕ್ ಸಾಲದು ಅಂತ ಎಲ್ಲರೂ ಹೆಚ್ಚು ಹೆಚ್ಚು ತರಿಸಿದರು. 2021ರಲ್ಲಿ ಜರ್ಮನಿಯ ಸಿಗ್ನಾ ಸ್ಪೋರ್ಟ್ಸ್ ಯುನೈಟೆಡ್ ಈ ಜೋಡಿಯನ್ನ ಕೊಂಡುಕೊಂಡಿತು. ಆಮೇಲೆ ಹುಚ್ಚು ಇಳೀತು, ಗೋದಾಮು ತುಂಬಿತ್ತು, ಎಲ್ಲರೂ ರಿಯಾಯಿತಿ ಕೊಡೋರೇ. 2023ರ ಅಕ್ಟೋಬರಿನಲ್ಲಿ ಮೇಲಿನ ಸಿಗ್ನಾ ಹೋಲ್ಡಿಂಗ್ ಕೊಡ್ತೀನಿ ಅಂದಿದ್ದ 15 ಕೋಟಿ ಯೂರೊ ಕೊಡಲ್ಲ ಅಂದಾಗ ಇಡೀ ಕಟ್ಟಡ ಕುಸೀತು. ಮುಂದಿನ ವರ್ಷ ಬ್ರಿಟನ್ನಿನ ಫ್ರೇಸರ್ಸ್ ಗ್ರೂಪ್ ಹೆಸರುಗಳನ್ನ ಕೊಂಡಿತು, ಕೆಲಸಗಾರರಲ್ಲಿ ಬಹುಪಾಲು ಜನ ಮನೆಗೆ ಹೋದರು. 1899 ಮತ್ತು 2023. ಹುಚ್ಚು, ಅತಿ ಉತ್ಪಾದನೆ, ಬೆಲೆ ಜಗಳ, ದೊಡ್ಡವರ ಒಗ್ಗೂಡಿಕೆ, ದಿವಾಳಿ. ಇಸವಿ ಬದಲಾಯಿಸಿದರೆ ಒಂದೇ ಕಥೆ.

ನಮ್ಮ ದೇಶದಲ್ಲಿ ಸೈಕಲ್ ಶಾಪಿನ ಕಥೆ ಸ್ವಲ್ಪ ಬೇರೆ. 1949ರಲ್ಲಿ ಮದ್ರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಶುರುವಾದವು. ಆದರೆ ಆ ಕಾರ್ಖಾನೆಗಳಿಂದ ಊರಿನ ಅಂಗಡಿಗೆ ಬರ್ತಿದ್ದದ್ದು ಓಡಿಸೋ ಸೈಕಲ್ ಅಲ್ಲ. ಫ್ರೇಮು ಒಂದು ಕಡೆ, ರಿಮ್ಮು ಒಂದು ಕಡೆ, ಸ್ಪೋಕ್ಸ್ ಕಡ್ಡಿಗಳ ಕಟ್ಟು ಒಂದು ಕಡೆ. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಒಟ್ಟು ಎಪ್ಪತ್ತೆರಡು ಕಡ್ಡಿಯನ್ನ ಒಂದೊಂದಾಗಿ ಹೆಣೆದು, ಬಿಗಿದು, ಔಟ್ ತೆಗೆದು ನಿಲ್ಲಿಸೋನು ಅಂಗಡಿಯ ಫಿಟ್ಟರ್. ಅಂದ್ರೆ ಕಾರ್ಖಾನೆಯ ಕೊನೆಯ ವಿಭಾಗ ಇದ್ದದ್ದು ನಮ್ಮ ಊರಿನ ಬೀದಿಯಲ್ಲಿ. ನಮ್ಮಪ್ಪ ಕಾಲೇಜಿಗೆ ಹೋಗಿದ್ದು ಹಾಗೆ ಕಟ್ಟಿದ ಸೈಕಲ್ಲಿನಲ್ಲಿ. ನಾನು ಸೈಕಲ್ ಕಲಿತದ್ದು ಅದೇ ಥರದ ಶಾಪಿನ ಬಾಡಿಗೆ ಸೈಕಲ್ಲಿನಲ್ಲಿ, ಒಳಪೆಡಲ್ ಹೊಡ್ಕೊಂಡು, ಗಂಟೆಗಿಷ್ಟು ಅಂತ. ಲೇಟಾಗಿ ಬಂದ್ರೆ ಶಾಪಿನವರು ಪುಸ್ತಕ ತೆಗೆದು ನಿಮಿಷ ಲೆಕ್ಕ ಹಾಕೋರು.

ಹಾಗಾಗಿ ನನ್ನ ಡಬ್ಬದ ಚೀಟಿಯಲ್ಲಿದ್ದ '85 ಪರ್ಸೆಂಟ್' ಅನ್ನೋದನ್ನ ಈಗ ಬೇರೆ ಥರ ಓದ್ತೀನಿ. ಮಿಕ್ಕ 15 ಪರ್ಸೆಂಟ್ ಕೆಲಸ ಮಾಯವಾಗಿಲ್ಲ. ಬೆಲೆಯಿಂದ ಅದನ್ನ ತೆಗೆದು, ನನ್ನ ಮನೆಯ ನೆಲದ ಮೇಲೆ ಇಟ್ಟು ಹೋಗಿದ್ದಾರೆ. ಅದನ್ನ ಮಾಡೋಕೆ ಬರೋ ಕೈ ಇನ್ನೂ ಮೂಲೆ ಅಂಗಡಿಯಲ್ಲಿದೆ ಅನ್ನೋ ಧೈರ್ಯದ ಮೇಲೇ ಆ ರಿಯಾಯಿತಿ ನಿಂತಿದೆ. ಅಳತೆ ಹೇಳಿದ್ದು ಅಂಗಡಿ, ಕೆಟ್ಟದ್ದನ್ನ ಸರಿಮಾಡಿದ್ದು ಅಂಗಡಿ, ನಡುವಿನ ಬಿಲ್ ಮಾತ್ರ ಬೇರೆಯವರದ್ದು.

ಹಾಗಂತ ಮೂಲೆ ಅಂಗಡಿ ದೇವಸ್ಥಾನ ಅಲ್ಲ. ಕೆಲವು ಶಾಪಿನಲ್ಲಿ ಕೇಳಿದ ಸಾಮಾನು ಇರಲ್ಲ, ನಾಳೆ ಬನ್ನಿ ಅಂದ್ರೆ ಮುಂದಿನ ತಿಂಗಳು ಅಂತ ಅರ್ಥ. ನನ್ನ ತಂಗಿ ಹೋದಾಗ ಏನೂ ಕೇಳದೆ ಮುಂದೆ ಬುಟ್ಟಿ ಇರೋ ಗುಲಾಬಿ ಸೈಕಲ್ ತೋರಿಸಿದವರೂ ಇದ್ದಾರೆ. ಇಂಥ ಕಡೆ ಹೋಗದೆ ಜನ ಫೋನ್ ತೆಗೆದ್ರೆ ನಾನು ತಪ್ಪು ಹೇಳಲ್ಲ. ಇಲ್ಲಿ ಸಿಗದ ಲೈಟು, ಬಟ್ಟೆ ನಾನೂ ಆನ್‌ಲೈನ್‌ನಲ್ಲೇ ತರಿಸ್ತೀನಿ. ಕ್ಯಾಟಲಾಗು ಸುಟ್ಟವರ ಸಾಲಿಗೆ ಸೇರೋ ಆಸೆ ಇಲ್ಲ. ನಾನು ಮಾಡಿಕೊಂಡಿರೋ ನಿಯಮ ಇಷ್ಟೆ: ಯಾರ ಹತ್ರ ಹತ್ತಿ ನೋಡಿ, ಅಳತೆ ಕೇಳಿ, ಟೀ ಕುಡಿದಿದ್ದೀನೋ ಅವರ ಹತ್ರಾನೇ ಕೊಳ್ಳೋದು. ಲೇಬರ್ ಚಾರ್ಜಿಗೆ ಚೌಕಾಸಿ ಮಾಡದೇ ಇರೋದು. ವರ್ಷಕ್ಕೊಂದು ಸಲ ಕೆಡದಿದ್ದರೂ ಓವರಾಲಿಂಗಿಗೆ ಬಿಡೋದು.

ಈ ಡಿಸೆಂಬರಿನಲ್ಲಿ ಅಕ್ಕನ ಮಗಳಿಗೆ ಸೈಕಲ್ ಕೊಡಿಸೋಕೆ ಅದೇ ಶಾಪಿಗೆ ಹೋದೆ. ಫೋನಿನಲ್ಲಿ ಅದೇ ಸೈಕಲ್ ಎಂಟುನೂರು ರೂಪಾಯಿ ಕಡಿಮೆ ಇತ್ತು. ಅಂಕಲ್‌ಗೂ ಅದು ಗೊತ್ತಿತ್ತು, ಕೇಳದೇ ಹೇಳಿದ್ರು. 'ನಮ್ದು ಫಿಟ್ಟಿಂಗ್ ಸೇರಿ ಸಾರ್, ಆರು ತಿಂಗಳು ಸರ್ವೀಸು.' ಮಾತಾಡ್ತಾ ಮಾತಾಡ್ತಾ ತಿಳೀತು, ಮಗ ಬೇರೆ ಕೆಲಸದಲ್ಲಿದ್ದಾನೆ, ಈ ಕಡೆ ಬರಲ್ಲ. ಬಿಲ್ಡಿಂಗಿನ ಓನರ್ರು ಬಾಡಿಗೆ ಏರಿಸ್ತೀನಿ ಅಂದಿದ್ದಾರೆ. ಆವತ್ತು ನನ್ನ ಸೈಕಲ್ಲಿಗೆ ಬಳಸಿದ ಆ ಎಡಗಡೆ ಟ್ಯಾಪು ಅವರ ತಂದೆಯದ್ದಂತೆ.

'ನೀವು ಶಾಪು ಮುಚ್ಚಿದ್ರೆ ಆ ಟ್ಯಾಪ್ ಏನ್ಮಾಡ್ತೀರಾ ಅಂಕಲ್?' ಅಂತ ಕೇಳಿದೆ. ಕೇಳಬಾರದಿತ್ತು ಅನಿಸ್ತು.

ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಪುಟ್ಟ ಸೈಕಲ್ಲನ್ನ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪೆಡಲ್ಲಿನ ಥ್ರೆಡ್ಡಿಗೆ ಬೆರಳಲ್ಲಿ ಸ್ವಲ್ಪ ಗ್ರೀಸ್ ಹಚ್ಚಿ, ನನ್ನ ಕೈಗೆ ಕೊಟ್ರು. 'ಮೊದ್ಲು ಸ್ಪ್ಯಾನರ್ ಮುಟ್ಬೇಡಿ ಸಾರ್. ಬೆರಳಲ್ಲೇ ಹೋಗ್ಬೇಕು. ಬೆರಳಲ್ಲಿ ಹೋಗ್ಲಿಲ್ಲ ಅಂದ್ರೆ ಎಲ್ಲೋ ತಪ್ಪಾಗಿದೆ ಅಂತ.'

ಎಡಕ್ಕೆ ತಿರುಗಿಸಿದೆ. ಬೆಣ್ಣೆಯೊಳಗೆ ಹೋದ ಹಾಗೆ ಹೋಯ್ತು.